ಸಿಂಬಿ, ಕೊಡ, ಮೇಟಿ: ಕುತ್ತಿಗೆ ಮೇಲಿನ ಒಂದು ಕೀಲಿನ ಇತಿಹಾಸ

ಭಾಗ 1/9 · ರೊಟ್ಟಿ ದುಂಡಗಾಗದ ದಿನ

ಈ ಸಲದ ಸರಣಿ ಸ್ವಲ್ಪ ಉದ್ದ ಐತಿ. ಒಮ್ಮೆಗೇ ಓದಾಕ ಆಗದಿದ್ದರ ಸೇವ್ ಮಾಡಿಟ್ಟುಕೊಳ್ರಿ. ಫೋಟೋದಾಗ ಕಾಣೋದು ನಮ್ಮ ಚಿಗವ್ವನ ಕೈ. ಮುಖ ಹಾಕಬ್ಯಾಡ ಅಂದಾಳ, ಕಥಿ ಹೇಳಾಕ ಮಾತ್ರ ಒಪ್ಪ್ಯಾಳ.

ಚಿಗವ್ವನದು ನವಲಗುಂದ ತಾಲೂಕಿನ ಒಂದು ಎರಿಭೂಮಿಯ ಹಳ್ಳಿ. ಕೆರೆಯಿಂದ ದಿನಾ ಕುಡಿಯುವ ನೀರು ಹೊತ್ತು ತಂದವಳು. ಅವಳು ತಟ್ಟಿದ ಜೋಳದ ರೊಟ್ಟಿ ಚಂದ್ರನ ಹಾಗೆ ದುಂಡಗೆ ಇರುತ್ತಿತ್ತು. ಮೂವತ್ತೆರಡನೆಯ ವಯಸ್ಸಿಗೆ ಆ ರೊಟ್ಟಿಯ ಅಂಚು ಹರಿಯತೊಡಗಿತು. "ಯವ್ವಾ, ಕೈ ನನ್ನ ಮಾತು ಕೇಳವಲ್ವು" ಅಂದಳು. ಆಮೇಲೆ ಕುಬಸದ ಗುಂಡಿ ಹಾಕಲು ಕಷ್ಟವಾಯಿತು. ಒಂದು ಸಂಜೆ ಹೊಲದಿಂದ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದಳು. ಇನ್ನೊಂದು ಕಾಲಿನಿಂದ ಯಾವಾಗ ಜಾರಿತೋ ಅವಳಿಗೆ ಗೊತ್ತೇ ಇರಲಿಲ್ಲ.

ಮನೆಯಲ್ಲಿ ಅತ್ತೆ ಅಂದದ್ದು: "ಕೆಲಸಾ ತಪ್ಪಸಾಕ ನಾಟಕ ಹಚ್ಚ್ಯಾಳ." ಆಸ್ಪತ್ರೆಗಳಲ್ಲಿ ಸಿಕ್ಕಿದ್ದು ಕ್ಯಾಲ್ಸಿಯಂ ಗುಳಿಗೆ, ಬಿ12 ಇಂಜೆಕ್ಷನ್, ಸೊಂಟಕ್ಕೆ ಬೆಲ್ಟು. ಕಡಲೆ ಮಾರಿದ ರೊಕ್ಕದಲ್ಲಿ ಸೊಂಟದ ಎಂಆರ್‌ಐ ಆಯಿತು. ಅದು ನಾರ್ಮಲ್ ಬಂತು. ನಾರ್ಮಲ್ ಬಂದದ್ದೇ ಅವಳ ಮೇಲೆ ಹೊಸ ಆರೋಪವಾಯಿತು. ಹೀಗೆ ನಾಲ್ಕು ವರ್ಷ ಹೋದವು.

ರೋಗ ಇದ್ದದ್ದು ಕೈಯಲ್ಲೂ ಅಲ್ಲ, ಕಾಲಲ್ಲೂ ಅಲ್ಲ, ಸೊಂಟದಲ್ಲೂ ಅಲ್ಲ. ತಲೆಬುರುಡೆ ಕುತ್ತಿಗೆಯ ಮೇಲೆ ಕೂರುವ ಜಾಗದಲ್ಲಿ. ಆ ಜಾಗವನ್ನು ವೈದ್ಯಲೋಕ ಹೇಗೆ ಗುರುತಿಸಲು ಕಲಿಯಿತು ಅನ್ನುವುದೇ ಈ ಸರಣಿ.

ಭಾಗ 2/9 · ಸಿಂಬಿಯ ಮೇಲೆ ಕೊಡ

ಮೊದಲು ಆ ಜಾಗ ಹೇಗಿದೆ ನೋಡೋಣ. ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಪುಸ್ತಕ ಬೇಕಿಲ್ಲ, ಮನೆ ಮತ್ತು ಕಣ ಸಾಕು.

ನೀರಿನ ಕೊಡ ಅಲುಗಾಡದೆ ಕೂರಲಿ ಅಂತ ತಲೆ ಮೇಲೆ ಬಟ್ಟೆಯ ಸಿಂಬಿ ಇಡ್ತೀವಲ್ಲ? ಕುತ್ತಿಗೆಯ ಮೊದಲನೆಯ ಮಣಿ ಹಂಗೇ ಒಂದು ಸಿಂಬಿ. ಬೇರೆ ಮಣಿಗಳಿಗೆ ನಡುವೆ ಗಟ್ಟಿ ದಿಮ್ಮಿಯಂಥ ಭಾಗ ಇರುತ್ತದೆ. ಇದಕ್ಕೆ ಇಲ್ಲ, ಇದು ಬರೀ ಎಲುಬಿನ ಬಳೆ. ಅದರ ಮೇಲೆ ಕೂತ ಕೊಡವೇ ತಲೆಬುರುಡೆ. ಗ್ರೀಕರ ಕಥೆಯಲ್ಲಿ ಆಕಾಶ ಹೊತ್ತು ನಿಂತವನು ಅಟ್ಲಾಸ್. ಆ ಹೆಸರನ್ನೇ ಈ ಮಣಿಗೆ ಇಟ್ಟರು. ನಮ್ಮವರು ಇಟ್ಟಿದ್ದರೆ ಆದಿಶೇಷ ಅಂತಿದ್ದರೇನೋ.

ಎರಡನೆಯ ಮಣಿಯ ಹೆಸರು ಆಕ್ಸಿಸ್. ಅದರಿಂದ ಹಲ್ಲಿನ ಹಾಗೆ ಒಂದು ಗೂಟ ಮೇಲಕ್ಕೆ ಎದ್ದು ಸಿಂಬಿಯೊಳಗೆ ನಿಂತಿರುತ್ತದೆ. ಕಣದ ನಡುವಿನ ಮೇಟಿ ನೆನಪು ಮಾಡಿಕೊಳ್ರಿ, ಎತ್ತುಗಳು ಅದರ ಸುತ್ತ ತಿರುಗುತ್ತವೆ. ನಾವು "ಒಲ್ಲೆ" ಅಂತ ತಲೆ ಅಲ್ಲಾಡಿಸಿದಾಗ ಸಿಂಬಿ ಮತ್ತು ಕೊಡ ಎರಡೂ ಸೇರಿ ಈ ಮೇಟಿಯ ಸುತ್ತ ತಿರುಗುತ್ತವೆ. ಕುತ್ತಿಗೆಯ ತಿರುಗುವಿಕೆಯ ಸುಮಾರು ಅರ್ಧ ಭಾಗ ಇದೊಂದೇ ಕೀಲಿನಲ್ಲಿ ಆಗುತ್ತದೆ.

ಮೇಟಿಯನ್ನು ಸಿಂಬಿಯ ಮುಂಭಾಗಕ್ಕೆ ಒಂದು ಗಟ್ಟಿ ನಾರಿನ ಹಗ್ಗ ಹಿಡಿದು ಕಟ್ಟಿರುತ್ತದೆ. ಆ ಹಗ್ಗದ ಹಿಂದೆಯೇ ಬೆನ್ನುಹುರಿ ಇಳಿಯುತ್ತದೆ. ಕೈ, ಕಾಲು, ಉಸಿರು, ಎಲ್ಲದರ ತಂತಿ ಅದರಲ್ಲೇ. ಕ್ಲಾಸಿನವರಿಗೆ ನೆನಪಿರಲಿ: ಸಿಂಬಿಯೊಳಗಿನ ಜಾಗವನ್ನು ಮೂರು ಪಾಲು ಮಾಡಿದರೆ ಒಂದು ಪಾಲು ಮೇಟಿ, ಒಂದು ಪಾಲು ಬೆನ್ನುಹುರಿ, ಒಂದು ಪಾಲು ಖಾಲಿ. ಆ ಖಾಲಿ ಪಾಲು ಇರೋದರಿಂದಲೇ ದೋಷವಿದ್ದವರೂ ಎಷ್ಟೋ ವರ್ಷ ಆರಾಮಾಗಿ ಇರುತ್ತಾರೆ. ಖಾಲಿ ಜಾಗ ಮುಗಿದ ದಿನ ರೊಟ್ಟಿ ಹರಿಯತೊಡಗುತ್ತದೆ.

ಭಾಗ 3/9 · ಕೃಕಾಟಿಕಾ

ಈ ಜಾಗ ಸೂಕ್ಷ್ಮ ಅನ್ನುವ ಅರಿವು ಬಹಳ ಹಳೆಯದು. ಸುಶ್ರುತ ಸಂಹಿತೆಯ ಶಾರೀರ ಸ್ಥಾನದಲ್ಲಿ ಮರ್ಮಗಳ ಲೆಕ್ಕ ಬರುತ್ತದೆ. ತಲೆ ಮತ್ತು ಕುತ್ತಿಗೆ ಕೂಡುವ ಸಂಧಿಯಲ್ಲಿ ಎರಡು ಮರ್ಮಗಳಿವೆ, ಅವುಗಳ ಹೆಸರು ಕೃಕಾಟಿಕಾ. ಅಲ್ಲಿ ಪೆಟ್ಟಾದರೆ ತಲೆ ನಿಲ್ಲದೆ ಅಲುಗಾಡುತ್ತದೆ ಎಂಬುದು ಅಲ್ಲಿನ ಮಾತು. ತಕ್ಷಣ ಸಾವು ತರುವ ಮರ್ಮಗಳ ಸಾಲಿನಲ್ಲಿ ಅದನ್ನು ಇಟ್ಟಿಲ್ಲ. ಅಂಗವೈಕಲ್ಯ ತರುವ ಸಾಲಿನಲ್ಲಿ ಇಟ್ಟಿದೆ.

ಆದರೆ ಹೊರಗಿನಿಂದ ನೋಡಿ ತಿಳಿದದ್ದು ಇಷ್ಟೇ. ಪೆಟ್ಟೇ ಬೀಳದೆ, ಹುಟ್ಟಿನಿಂದಲೇ ಆ ಕೀಲು ತಪ್ಪಾಗಿ ಬೆಳೆದಿರಬಹುದು ಅನ್ನುವುದು ಬದುಕಿದ್ದವರಲ್ಲಿ ಕಾಣುವ ಹಾಗಿರಲಿಲ್ಲ. ಸತ್ತ ಮೇಲೆ ಕೊಯ್ದು ನೋಡಿದಾಗ ಮಾತ್ರ ಕಾಣುತ್ತಿತ್ತು. 19ನೇ ಶತಮಾನದ ಯುರೋಪಿನಲ್ಲಿ ಕಲಿತದ್ದೆಲ್ಲ ಹೀಗೆ ಶವಾಗಾರದಲ್ಲೇ. 1891ರಲ್ಲಿ ಪ್ರಾಗ್ ನಗರದ ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞ ಇನ್ನೊಂದು ಬಗೆ ತೋರಿಸಿದ. ಕೊಡದ ತಳದಲ್ಲಿ ಬೆನ್ನುಹುರಿ ಇಳಿಯುವ ದೊಡ್ಡ ತೂತು ಇದೆಯಲ್ಲ, ಅದರೊಳಗಿಂದ ಕಿರುಮೆದುಳಿನ ತುದಿ ಕೆಳಗೆ ಕುತ್ತಿಗೆಗೆ ಜಾರಿರುತ್ತದೆ. ಇವತ್ತಿಗೂ ರಿಪೋರ್ಟಿನಲ್ಲಿ "ಕಿಯಾರಿ" ಅಂತ ಬರೆಯುವುದು ಅವನ ಹೆಸರಿನಿಂದಲೇ.

ಭಾಗ 4/9 · ಕುತ್ತಿಗೆ ಇಲ್ಲದ ದರ್ಜಿ

1895ರ ನವೆಂಬರ್ 8ರಂದು ರಾಂಟ್‌ಜೆನ್‌ಗೆ ಎಕ್ಸ್‌ರೇ ಸಿಕ್ಕಿತು. ಬದುಕಿದ್ದವರ ಎಲುಬು ಕಾಣುವ ಕಾಲ ಶುರುವಾಯಿತು.

1912ರಲ್ಲಿ ಪ್ಯಾರಿಸಿನ ಮೊರಿಸ್ ಕ್ಲಿಪೆಲ್ ಮತ್ತು ಆಂದ್ರೆ ಫೀಲ್ 46 ವರ್ಷದ ಒಬ್ಬ ದರ್ಜಿಯ ಬಗ್ಗೆ ಬರೆದರು. ನೋಡಿದರೆ ಅವನಿಗೆ ಕುತ್ತಿಗೆಯೇ ಇಲ್ಲ, ತಲೆಯನ್ನು ಹೆಗಲ ಮೇಲೆ ಇಟ್ಟ ಹಾಗೆ. ಕುತ್ತಿಗೆಯ ಮಣಿಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ಅವರು ಹೇಳಿದ ಮೂರು ಗುರುತುಗಳನ್ನು ಇವತ್ತಿಗೂ ಕಲಿಸುತ್ತಾರೆ: ಗಿಡ್ಡ ಕುತ್ತಿಗೆ, ಹಿಂದೆ ತೀರಾ ಕೆಳಗೆ ಇಳಿದ ಕೂದಲಿನ ಅಂಚು, ಸರಿಯಾಗಿ ಹೊರಳದ ಕುತ್ತಿಗೆ. ಮೂರೂ ಒಬ್ಬರಲ್ಲೇ ಇರಬೇಕಂತಿಲ್ಲ. ಎಷ್ಟೋ ಜನರಲ್ಲಿ ಒಂದೋ ಎರಡೋ ಮಾತ್ರ ಕಾಣುತ್ತವೆ.

ನಮ್ಮ ಚಿಗವ್ವ ಸಣ್ಣಾಕೆ ಇದ್ದಾಗ ಅಜ್ಜಿ ಅವಳಿಗೆ ಜಡೆ ಹೆಣೆಯುತ್ತ "ಇದಕ್ಕ ಕೂದಲಾ ಬೆನ್ನಿನ ಮಟಾ ಹುಟ್ಟ್ಯಾವ, ಕುತ್ತಿಗಿ ದೇವರು ಕೊಡೂದ ಮರತಾನ" ಅಂತ ನಗುತ್ತಿದ್ದಳಂತೆ. ನಮ್ಮ ಮನೆಯಲ್ಲಿ ಅದು ಮೂವತ್ತು ವರ್ಷ ಬರೀ ಚಾಷ್ಟಿ ಆಗಿತ್ತು. ಕಣ್ಣ ಮುಂದೆಯೇ ಇದ್ದ ಗುರುತನ್ನು ಯಾರೂ ಓದಲಿಲ್ಲ.

ಭಾಗ 5/9 · ಒಂದು ಗೆರೆ ಎಳೆದವನು

ನನಗೆ ಬಹಳ ಇಷ್ಟವಾದ ಭಾಗ ಇದು. ಇಮೇಜಿಂಗ್ ಓದುವ ಗೆಳೆಯರು ಪೆನ್ಸಿಲ್ ತಗೊಳ್ರಿ.

1939ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ರೇಡಿಯಾಲಜಿಸ್ಟ್ ಡಬ್ಲ್ಯೂ. ಎಡ್ವರ್ಡ್ ಚೇಂಬರ್ಲಿನ್ ಪಕ್ಕದಿಂದ ತೆಗೆದ ತಲೆಯ ಎಕ್ಸ್‌ರೇ ಮೇಲೆ ಒಂದು ಗೆರೆ ಎಳೆದ. ಬಾಯಿಯ ಗಟ್ಟಿ ಅಂಗುಳದ ಹಿಂದಿನ ತುದಿಯಿಂದ ತಲೆಬುರುಡೆಯ ದೊಡ್ಡ ತೂತಿನ ಹಿಂದಿನ ಅಂಚಿಗೆ. ಮೇಟಿಯ ತುದಿ ಈ ಗೆರೆಯ ಹತ್ತಿರ ಅಥವಾ ಕೆಳಗೆ ಇರಬೇಕು. ಅದನ್ನು ದಾಟಿ ಬಹಳ ಮೇಲೆ ಹೋಗಿದ್ದರೆ ಮೇಟಿ ಕೊಡದ ತಳಕ್ಕೆ ಚುಚ್ಚಿಕೊಂಡಿದೆ ಅಂತ ಅರ್ಥ. ಈ ದೋಷದ ಲಕ್ಷಣಗಳು ವೈದ್ಯರ ದಾರಿ ತಪ್ಪಿಸುತ್ತವೆ ಅನ್ನುವುದನ್ನು ಚೇಂಬರ್ಲಿನ್ ತನ್ನ ಲೇಖನದ ತಲೆಬರಹದಲ್ಲೇ ಸೇರಿಸಿದ್ದ. ಕಾಯಿಲೆ ಕುತ್ತಿಗೆಯಲ್ಲಿ, ತಕರಾರು ಕೈಕಾಲಿನಲ್ಲಿ. 1939ರಲ್ಲೇ ಈ ಎಚ್ಚರಿಕೆ ಅಚ್ಚಾಗಿತ್ತು ಅನ್ನುವುದನ್ನು ಓದಿದಾಗ ನನಗೆ ಚಿಗವ್ವನ ಸೊಂಟದ ಎಂಆರ್‌ಐ ನೆನಪಾಯಿತು.

ಆ ತೂತಿನ ಹಿಂದಿನ ಅಂಚು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಸ್ಪಷ್ಟ ಕಾಣುವುದಿಲ್ಲ. ಅದಕ್ಕೆ 1948ರಲ್ಲಿ ಮ್ಯಾಕ್‌ಗ್ರೆಗರ್ ಗೆರೆಯ ಹಿಂದಿನ ತುದಿಯನ್ನು ಬುರುಡೆಯ ಹಿಂಭಾಗದ ತೀರಾ ಕೆಳಗಿನ ಬಿಂದುವಿಗೆ ಸರಿಸಿದ. 1953ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಮ್ಯಾಕ್‌ರೇ ತೂತಿನ ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ ಗೆರೆ ಎಳೆದ. ಮೇಟಿ ಯಾವ ಕಾರಣಕ್ಕೂ ಈ ಗೆರೆ ದಾಟಬಾರದು.

ಇನ್ನೊಂದು ಅಳತೆ ಇದೆ. ಮೇಟಿಗೂ ಸಿಂಬಿಯ ಮುಂಭಾಗಕ್ಕೂ ನಡುವಿನ ಸಂದು. ದೊಡ್ಡವರಲ್ಲಿ ಸುಮಾರು 3 ಮಿಲಿಮೀಟರ್, ಮಕ್ಕಳಲ್ಲಿ 5 ಮಿಲಿಮೀಟರ್ ಮೀರಬಾರದು. ಸುಮ್ಮನೆ ನೆಟ್ಟಗೆ ಕೂತು ತೆಗೆದ ಎಕ್ಸ್‌ರೇಯಲ್ಲಿ ಇದು ಮೋಸ ಮಾಡಬಹುದು. ತಲೆ ಬಾಗಿಸಿ ಒಂದು, ಎತ್ತಿ ಒಂದು ತೆಗೆದರೆ ಸಿಂಬಿ ಜಾರುವುದು ಕಾಣುತ್ತದೆ. ಹಗ್ಗ ಸಡಿಲಾದ ಬಂಡಿಯನ್ನು ನಿಲ್ಲಿಸಿ ನೋಡಿದರೆ ಗೊತ್ತಾಗೋದಿಲ್ಲ, ನಡೆಸಿ ನೋಡಬೇಕು.

ಭಾಗ 6/9 · ಮಿರಜ, ಮುಂಬಯಿ, ಹುಬ್ಬಳ್ಳಿ

ಈಗ ನಮ್ಮ ಕಡೆಗೆ ಬರೋಣ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆ ಮುಂಬಯಿ ಆಡಳಿತದಲ್ಲೇ ಇತ್ತು. ದೊಡ್ಡ ಕಾಯಿಲೆ ಅಂದರೆ "ಮಿರಜಕ್ಕ ಒಯ್ಯಿರಿ" ಅನ್ನುವುದು ನಮ್ಮ ಹಿರಿಯರ ಮಾತು. ವಿಲಿಯಂ ವಾನ್ಲೆಸ್ ಕಟ್ಟಿದ ಮಿಷನ್ ಆಸ್ಪತ್ರೆ ಅಲ್ಲಿತ್ತು, ರೈಲೂ ಇತ್ತು. ಅಲ್ಲಿಂದಾಚೆ ಮುಂಬಯಿ. ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ. ಅದನ್ನೇ ನಾವು ಬಹಳ ವರ್ಷ ಕಿಮ್ಸ್ ಅಂತ ಕರೆದಿದ್ದೇವೆ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಹಳೆಯ ಸರ್ಕಾರಿ ಮಾನಸಿಕ ಆಸ್ಪತ್ರೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು.

ಭಾರತದ ಮೊದಲ ನ್ಯೂರೋಸರ್ಜರಿ ವಿಭಾಗ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ ಅವರಿಂದ 1949ರಲ್ಲಿ ಶುರುವಾಯಿತು. ಈ ಕೀಲಿನ ದೋಷಗಳು ನಮ್ಮ ದೇಶದ ವೈದ್ಯರಿಗೆ ಮತ್ತೆ ಮತ್ತೆ ಎದುರಾಗತೊಡಗಿದವು. 1967ರಲ್ಲಿ ಮುಂಬಯಿಯ ನರರೋಗ ತಜ್ಞ ನೋಶಿರ್ ವಾಡಿಯಾ "ಬ್ರೇನ್" ಎಂಬ ಹೆಸರಾಂತ ಪತ್ರಿಕೆಯಲ್ಲಿ 28 ರೋಗಿಗಳ ಅಧ್ಯಯನ ಬರೆದರು. ಹುಟ್ಟಿನಿಂದಲೇ ಸಿಂಬಿ ಮತ್ತು ಮೇಟಿಯ ಕೀಲು ತಪ್ಪಿ, ಅದರಿಂದ ಬೆನ್ನುಹುರಿ ಜಜ್ಜಿ ಹೋದವರ ಕಥೆ ಅದು. ಪರದೇಶದ ಪುಸ್ತಕದ ಮೂಲೆಯಲ್ಲಿದ್ದ ಅಪರೂಪದ ಸಂಗತಿಯಾಗಿ ಅದು ಉಳಿಯಲಿಲ್ಲ, ನಮ್ಮ ಆಸ್ಪತ್ರೆಯ ಕಾಯಿಲೆಯಾಗಿ ಜಗತ್ತಿಗೆ ಕಂಡಿತು.

ಭಾಗ 7/9 · ಎಲುಬು ಒಂದರಲ್ಲಿ, ನರ ಇನ್ನೊಂದರಲ್ಲಿ

ಎಕ್ಸ್‌ರೇಗೆ ಒಂದು ಮಿತಿ ಇತ್ತು. ದವಡೆ, ಕಿವಿಯ ಎಲುಬು, ಹಲ್ಲು ಎಲ್ಲಾ ಒಂದರ ಮೇಲೊಂದು ಬಿದ್ದು ಈ ಕೀಲನ್ನು ಮುಚ್ಚುತ್ತವೆ. ಬೆನ್ನುಹುರಿಯಂತೂ ಕಾಣುವುದೇ ಇಲ್ಲ.

1971ರ ಅಕ್ಟೋಬರ್ 1ರಂದು ಲಂಡನ್ನಿನಲ್ಲಿ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಮಾಡಿದ ಯಂತ್ರದಲ್ಲಿ ಮೊದಲ ರೋಗಿಯ ಸಿಟಿ ಸ್ಕ್ಯಾನ್ ಆಯಿತು. ಎಲುಬನ್ನು ಸವತೆಕಾಯಿ ಹೋಳಿನ ಹಾಗೆ ಒಂದೊಂದೇ ಪದರಾಗಿ ನೋಡುವ ದಾರಿ ಅದು. 1973ರಲ್ಲಿ ಪಾಲ್ ಲಾಟರ್ಬರ್ ಎಂಆರ್ ಚಿತ್ರದ ವಿಧಾನ ಪ್ರಕಟಿಸಿದ. ಅವನಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್‌ಗೂ 2003ರಲ್ಲಿ ನೊಬೆಲ್ ಬಂತು. ಎಂಆರ್‌ಐ ಬಂದ ಮೇಲೆ ಜಜ್ಜಿದ ಬೆನ್ನುಹುರಿ ನೇರವಾಗಿ ಕಂಡಿತು.

ಇವತ್ತು ಈ ಮೂರೂ ಸೇರಿಯೇ ನಿರ್ಣಯ ಆಗುತ್ತದೆ. ಬಾಗಿಸಿ ಎತ್ತಿ ತೆಗೆದ ಎಕ್ಸ್‌ರೇ ಕೀಲು ಜಾರುತ್ತದೋ ಅನ್ನುವುದನ್ನು, ಸಿಟಿ ಎಲುಬಿನ ಆಕಾರವನ್ನು, ಎಂಆರ್‌ಐ ಬೆನ್ನುಹುರಿಯ ಸ್ಥಿತಿಯನ್ನು ಹೇಳುತ್ತದೆ. ಸಿಂಬಿ ಕೊಡಕ್ಕೇ ಬೆಸೆದುಕೊಂಡಿರಬಹುದು. ಮೇಟಿಯ ತುದಿ ಬೇರೆ ತುಂಡಾಗಿರಬಹುದು. ಮೇಟಿ ಮೇಲಕ್ಕೆ ಚುಚ್ಚಿರಬಹುದು. ಎಷ್ಟೋ ಸಲ ಎರಡು ಮೂರು ದೋಷ ಒಟ್ಟಿಗೇ ಇರುತ್ತವೆ.

ಎಲ್ಲವೂ ಹುಟ್ಟಿನಿಂದ ಬಂದದ್ದೂ ಅಲ್ಲ. ಕ್ಷಯ ಈ ಕೀಲಿಗೆ ತಗುಲಬಹುದು. ಸಂಧಿವಾತದ ಒಂದು ಬಗೆ ಆ ಹಗ್ಗವನ್ನೇ ತಿನ್ನುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹಗ್ಗ ಸಡಿಲ ಇರಬಹುದು. ಮರದಿಂದ, ಬೈಕಿನಿಂದ ಬಿದ್ದಾಗ ಮೇಟಿ ಮುರಿಯಬಹುದು. ಇದೇ ಲಕ್ಷಣ ತೋರುವ ಬೇರೆ ಕಾಯಿಲೆಯೂ ಇದೆ: ನೀರಿನಲ್ಲಿ ಫ್ಲೋರೈಡ್ ಹೆಚ್ಚಾದ ಊರುಗಳಲ್ಲಿ ಎಲುಬು ದಪ್ಪವಾಗಿ ಬೆನ್ನುಹುರಿ ಒತ್ತುವುದು. ಅದನ್ನು 1937ರಲ್ಲಿ ನೆಲ್ಲೂರು ಕಡೆಯ ಹಳ್ಳಿಗಳಿಂದ ವರದಿ ಮಾಡಿದರು.

ಭಾಗ 8/9 · ತಂತಿಯಿಂದ ಸ್ಕ್ರೂವರೆಗೆ

ಕಂಡರೆ ಸಾಲದು, ಸರಿ ಮಾಡಬೇಕಲ್ಲ. ಮೊದಲು ಎರಡು ಮಣಿಗಳನ್ನು ಹಿಂದಿನಿಂದ ತಂತಿ ಹಾಕಿ ಬಿಗಿದು, ನಡುವೆ ಎಲುಬಿನ ತುಂಡು ಇಟ್ಟು ಬೆಸೆಯುತ್ತಿದ್ದರು. ತಂತಿ ಸಡಿಲಾಗುವ ಭಯ ಇರುತ್ತಿತ್ತು. ಮೇಲೆ ಚುಚ್ಚಿದ ಮೇಟಿಯನ್ನು ಬಾಯಿಯ ಮೂಲಕ ಹೋಗಿ ಕೊರೆದು ತೆಗೆಯುವ ಕಷ್ಟದ ಆಪರೇಷನ್ನೂ ಬಂತು.

ಇಲ್ಲಿ ಮತ್ತೆ ಮುಂಬಯಿ ಬರುತ್ತದೆ. ಕೆಇಎಂ ಆಸ್ಪತ್ರೆಯ ಅತುಲ್ ಗೋಯೆಲ್ ಸಿಂಬಿಯ ಎರಡೂ ಪಕ್ಕದ ದಪ್ಪ ಎಲುಬಿಗೂ ಕೆಳಗಿನ ಮಣಿಗೂ ಸ್ಕ್ರೂ ಹಾಕಿ ಪ್ಲೇಟಿನಿಂದ ಜೋಡಿಸುವ ವಿಧಾನವನ್ನು 1994ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. 2001ರಲ್ಲಿ ಜರ್ಮನಿಯ ಹಾರ್ಮ್ಸ್ ಅದರ ಇನ್ನೊಂದು ರೂಪ ಬರೆದರು. ಇವತ್ತು ಜಗತ್ತಿನ ಸರ್ಜನ್ನರು ಇಬ್ಬರ ಹೆಸರನ್ನೂ ಸೇರಿಸಿ ಅದನ್ನು ಕರೆಯುತ್ತಾರೆ. 2004ರಲ್ಲಿ ಗೋಯೆಲ್ ಇನ್ನೊಂದು ಹೆಜ್ಜೆ ಇಟ್ಟರು. ಕುಸಿದ ಪಕ್ಕದ ಕೀಲುಗಳನ್ನು ಅಗಲಿಸಿ ನಡುವೆ ಬೆಣೆ ಇಟ್ಟರೆ, ಚುಚ್ಚಿದ ಮೇಟಿ ತಾನಾಗಿ ಕೆಳಗಿಳಿಯುತ್ತದೆ ಅಂತ ತೋರಿಸಿದರು. ಎಷ್ಟೋ ಜನರಿಗೆ ಬಾಯಿಯ ಮೂಲಕದ ಆಪರೇಷನ್ ತಪ್ಪಿತು.

ಚಿಗವ್ವನ ಕುತ್ತಿಗೆಯಲ್ಲಿ ಈಗ ಇರುವುದೂ ನಾಲ್ಕು ಸ್ಕ್ರೂ.

ಭಾಗ 9/9 · ಒಬ್ಬರು ಹಿಂದಿನಿಂದ ನೋಡಿದರು

ಅವಳ ಕಾಯಿಲೆ ಸಿಕ್ಕಿದ್ದು ಯಂತ್ರದಿಂದ ಅಲ್ಲ. ಒಬ್ಬ ಡಾಕ್ಟರು ಅವಳನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸಿ ಕುತ್ತಿಗೆ ನೋಡಿದರು, ಕೂದಲಿನ ಅಂಚು ನೋಡಿದರು. "ಚಪ್ಪಲಿ ಕಾಲಿನಿಂದ ಗೊತ್ತಾಗದೆ ಜಾರುತ್ತದೇನಮ್ಮಾ?" ಅಂತ ಕೇಳಿದರು. ನಾಲ್ಕು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಅವರೊಬ್ಬರೇ. ತಲೆ ಬಾಗಿಸಿದಾಗ ಬೆನ್ನಿನಗುಂಟ ಕರೆಂಟ್ ಹೊಡೆದಂತೆ ಆಗುತ್ತದೋ ಕೇಳಿದರು. ಮೊಣಕಾಲಿಗೆ ಸುತ್ತಿಗೆ ತಾಗಿಸಿದರೆ ಕಾಲು ಜೋರಾಗಿ ಎಗರಿತು. ಅಂಗಾಲಿನ ಮೇಲೆ ಗೀರಿದರೆ ಹೆಬ್ಬೆರಳು ಮೇಲಕ್ಕೆ ಎದ್ದಿತು. 1896ರಲ್ಲಿ ಬಾಬಿನ್ಸ್ಕಿ ವರ್ಣಿಸಿದ ಆ ಗುರುತಿಗೆ ಒಂದು ಪೈಸೆ ಖರ್ಚಿಲ್ಲ. ಆಮೇಲೆ ಎಕ್ಸ್‌ರೇ ಎರಡು. ಸಿಂಬಿ ಮುಂದಕ್ಕೆ ಜಾರಿತ್ತು.

ಆಪರೇಷನ್ ಆಗಿ ಎರಡು ವರ್ಷ. ಈಗ ಗೋಡೆ ಹಿಡಿಯದೆ ನಡೆಯುತ್ತಾಳೆ, ಚಪ್ಪಲಿ ಜಾರುವುದಿಲ್ಲ. ಬಲಗೈ ಪೂರ್ತಿ ಬಂದಿಲ್ಲ. ಬಹಳ ದಿನ ಜಜ್ಜಿದ ನರ ಪೂರ್ತಿ ತಿರುಗಿ ಬರುವುದಿಲ್ಲ, ಅದಕ್ಕೇ ಬೇಗ ಕಂಡುಹಿಡಿಯಬೇಕು ಅನ್ನುವುದು. ಆ ನಾಲ್ಕು ವರ್ಷದ ಬೆಲೆ ಅವಳ ಬಲಗೈ.

ಡಾಕ್ಟರು ಸ್ಕ್ಯಾನ್ ತೋರಿಸಿದ ದಿನ ಅವಳು ಕೇಳಿದ್ದು ಒಂದೇ ಮಾತು: "ಹಂಗಾದ್ರ ನಾ ನಾಟಕ ಮಾಡಿಲ್ಲಲ್ರೀ?" ಅತ್ತೆ ಅಲ್ಲೇ ಕೂತಿದ್ದಳು, ಏನೂ ಅನ್ನಲಿಲ್ಲ. ಈಗ ಆ ಮನೆಯಲ್ಲಿ ರೊಟ್ಟಿ ತಟ್ಟುವುದು ಅತ್ತೆಯೇ. ನೀರಿನ ಕೊಡ ಮುಟ್ಟಲು ಬಿಡುವುದಿಲ್ಲ.

ಒಂದು ಮಾತು ಸ್ಪಷ್ಟ ಇರಲಿ. ತಲೆ ಮೇಲೆ ಕೊಡ ಹೊತ್ತದ್ದಕ್ಕೆ ಹುಟ್ಟಿನ ದೋಷ ಬರುವುದಿಲ್ಲ. ಆದರೆ ಕೀಲು ಸಡಿಲ ಇದ್ದವರಿಗೆ ತಲೆಹೊರೆಯೂ ಒಳ್ಳೆಯದಲ್ಲ, ಬೀಳುವುದೂ ಒಳ್ಳೆಯದಲ್ಲ, ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸುವುದಂತೂ ಬೇಡವೇ ಬೇಡ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಕೈಯ ಸಣ್ಣ ಕೆಲಸ ತಪ್ಪುತ್ತಿದ್ದರೆ, ಚಪ್ಪಲಿ ತಿಳಿಯದೆ ಜಾರುತ್ತಿದ್ದರೆ, ಕಾಲು ಬಿಗಿಯಾಗಿ ನಡಿಗೆ ಬದಲಾಗಿದ್ದರೆ, ಕುತ್ತಿಗೆ ಬಾಗಿಸಿದರೆ ಕರೆಂಟ್ ಹೊಡೆದಂತಾದರೆ, ತಲೆಯ ಹಿಂಭಾಗದ ನೋವು ಕೆಮ್ಮಿದಾಗ ಹೆಚ್ಚಾದರೆ, ನರರೋಗ ತಜ್ಞರಿಗೆ ತೋರಿಸ್ರಿ. "ಕುತ್ತಿಗೆ ಸಲ ನೋಡ್ರಿ ಸರ್" ಅಂತ ನೀವೇ ಕೇಳ್ರಿ, ತಪ್ಪಿಲ್ಲ.

ನನ್ನ ಕ್ಲಾಸಿನವರಿಗೆ ಕೊನೆಯ ಮಾತು. ನಾಳೆ ನಮ್ಮ ಟೇಬಲ್ ಮೇಲೆ ಹಳ್ಳಿಯಿಂದ ಒಬ್ಬಾಕೆ ಬಂದಾಗ, ತಲೆ ಬಾಗಿಸುವ ಎಕ್ಸ್‌ರೇಗೆ ನಾವು ಕೈಯಿಂದ ಒತ್ತಬಾರದು. ಅವಳೇ ನಿಧಾನಕ್ಕೆ ಬಾಗಲಿ, ನೋವಾದರೆ, ಜುಮ್ ಅಂದರೆ ಅಲ್ಲೇ ನಿಲ್ಲಿಸಬೇಕು. ಅಂಗುಳವೂ ಬುರುಡೆಯ ಹಿಂಭಾಗವೂ ಫಿಲ್ಮಿನಲ್ಲಿ ಬರುವ ಹಾಗೆ ತೆಗೆಯಬೇಕು, ಇಲ್ಲದಿದ್ದರೆ ಗೆರೆ ಎಳೆಯುವುದು ಎಲ್ಲಿಂದ ಎಲ್ಲಿಗೆ? ಚೇಂಬರ್ಲಿನ್‌ನ ಗೆರೆಗೆ ಬೇಕಾದದ್ದು ಒಂದು ಸರಿಯಾದ ಎಕ್ಸ್‌ರೇ ಮತ್ತು ಒಂದು ಪೆನ್ಸಿಲ್. ನಮ್ಮ ತಾಲೂಕಿನಲ್ಲಿ ಎರಡೂ ಸಿಗುತ್ತವೆ.

ಪ್ರಶ್ನೆ ಇದ್ದರೆ ಕಾಮೆಂಟಿನಲ್ಲಿ ಬರೀರಿ, ಗೊತ್ತಿದ್ದಷ್ಟು ಹೇಳ್ತೀನಿ. ಚಿಗವ್ವಗೂ ಓದಿ ತೋರಿಸ್ತೀನಿ.

#ನವಲಗುಂದ #ಅಣ್ಣಿಗೇರಿ #ಕುಂದಗೋಳ #ಕಲಘಟಗಿ #ಧಾರವಾಡ #ಕನ್ನಡದಲ್ಲಿವೈದ್ಯಇತಿಹಾಸ